ಲಿನಕ್ಸ್‌ನಲ್ಲಿ ನಡೆಯುತ್ತದೆ ಎಂದು ಮಾರಿದ ಮೋಡೆಮ್ ನಡೆಯದಿರುವ ಬಗ್ಗೆ ದೂರು

ಭಾಲ್ಕಿ, ಬೀದರ್ ಜಿಲ್ಲೆ
6 ಜೂನ್ 2005

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ಮಾನ್ಯರೇ,

ನಾನು ಭಾಲ್ಕಿ ಬಸ್ ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ವಿಂಡೋಸ್ ಇಲ್ಲ, ಅದರ ಬದಲು ಬಿಟ್ಟಿ ಸಿಗುವ ಲಿನಕ್ಸ್, ಫೆಡೋರಾ ಕೋರ್ 3 ಎಂಬುದನ್ನು ಹಾಕಿಕೊಂಡಿದ್ದೇನೆ. ವಿಂಡೋಸ್ ಕೊಳ್ಳುವಷ್ಟು ರೊಕ್ಕ ನನ್ನ ಹತ್ತಿರ ಇರಲಿಲ್ಲ, ಕದ್ದ ಸಿಡಿ ಹಾಕಲು ಮನಸ್ಸಿರಲಿಲ್ಲ. ಈ ಸಲ ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ಇಂಟರ್ನೆಟ್ ಹಾಕಿಸಬೇಕು, ಸುತ್ತಲಿನ ಹಳ್ಳಿಯ ಮಕ್ಕಳು ಬೀದರಿಗೆ ಓಡುವುದು ತಪ್ಪಲಿ ಎಂದು ಏಪ್ರಿಲ್ ಕೊನೆಯ ವಾರ ಬೀದರಿನ ಅಂಗಡಿಯಲ್ಲಿ ಫೋನ್ ಲೈನಿನಿಂದ ಇಂಟರ್ನೆಟ್ ಹಚ್ಚುವ, ಕಂಪ್ಯೂಟರಿನ ಒಳಗೆ ಕೂರಿಸುವ ನಿಮ್ಮ ಕಂಪನಿಯ ಪಿಸಿಐ ಮೋಡೆಮ್ ಕಾರ್ಡ್ ತಗೊಂಡೆ. 750 ರೂಪಾಯಿ. ಬಿಲ್ ಇದೆ.

ಕೊಳ್ಳುವ ಮುಂಚೆ ಅಂಗಡಿಯವರನ್ನು ಎರಡು ಸಲ ಕೇಳಿದ್ದೇನೆ. ಲಿನಕ್ಸ್‌ನಲ್ಲಿ ನಡೆಯುತ್ತದಾ ಅಂತ. ಅವರು ಡಬ್ಬಿ ತಿರುಗಿಸಿ ತೋರಿಸಿದರು. ಹಿಂದೆ ವಿಂಡೋಸ್ ಹೆಸರುಗಳ ಕೆಳಗೆ ‘ಲಿನಕ್ಸ್’ ಎಂದು ಬರೆದಿದೆ, ಪಕ್ಕದಲ್ಲಿ ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿತ್ರ ಇದೆ. “ಸಬ್ ಮೇ ಚಲ್ತಾ ಭಾಯ್” ಅಂದರು. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಡಬ್ಬಿ ಹೇಳಿದ್ದನ್ನೇ ಅವರು ಹೇಳಿದರು. ಡಬ್ಬಿಯ ಮೇಲೆ ಬರೆದವರು ನೀವು.

ನನ್ನ ಅಂಗಡಿಗೆ ತಂದು ಕಾರ್ಡ್ ಕೂರಿಸಿದೆ. ಲೈನ್ ವೈರು ಚುಚ್ಚಿದೆ. ಮೋಡೆಮ್‌ಗೆ ಆಜ್ಞೆ ಕಳಿಸುವ ಮಿನಿಕಾಮ್ ಎಂಬ ಪ್ರೋಗ್ರಾಮ್ ತೆರೆದು ‘ಎಟಿ’ ಎಂದು ಟೈಪ್ ಮಾಡಿದೆ. ಮೋಡೆಮ್ ಬದುಕಿದ್ದರೆ ಅದಕ್ಕೆ ‘ಓಕೆ’ ಎಂದು ಉತ್ತರ ಬರಬೇಕು ಅಲ್ವಾ? ಏನೂ ಬರಲಿಲ್ಲ. ಟಿಟಿವೈಎಸ್0, ಟಿಟಿವೈಎಸ್1, ಹೀಗೆ ಇದ್ದ ಪೋರ್ಟ್‌ಗಳನ್ನೆಲ್ಲ ನೋಡಿದೆ. ಡಯಲ್ ಮಾಡಿಸುವ ಡಬ್ಲ್ಯೂವಿಡಯಲ್ ಎಂಬ ಪ್ರೋಗ್ರಾಮ್ ಹಾಕಿ ಹುಡುಕಿಸಿದೆ, ಮೋಡೆಮ್ ಯಾವುದೂ ಸಿಗಲಿಲ್ಲ ಎಂದು ಹೇಳಿತು. ಆದರೆ ಒಳಗಿನ ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಕಾರ್ಡಿನ ಹೆಸರು ಪಟ್ಟಿಯಲ್ಲಿ ಕಾಣುತ್ತದೆ. ಅಂದರೆ ಕಾರ್ಡ್ ಕೂತಿದೆ, ಆದರೆ ಅದನ್ನು ಮಾತಾಡಿಸುವ ತಂತ್ರಾಂಶ, ಅಂದರೆ ಡ್ರೈವರ್, ಇಲ್ಲ.

ನೀವು ಕೊಟ್ಟ ಸಿಡಿಯಲ್ಲಿ ಲಿನಕ್ಸ್ ಎಂಬ ಫೋಲ್ಡರ್ ಇದೆ. ಅದರೊಳಗೆ ಇರುವುದು ಒಂದೇ ಒಂದು ಡ್ರೈವರ್, ಅದೂ 2.4.18 ಕರ್ನಲ್‌ಗೆ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಮಾಡಿದ್ದು. ರೆಡ್ ಹ್ಯಾಟ್ ಲಿನಕ್ಸ್ 8 ಬಂದಾಗಿನ ಕರ್ನಲ್ ಅದು, 2002ರದ್ದು. ನನ್ನ ಫೆಡೋರಾದಲ್ಲಿ ಇರುವುದು 2.6. ಹಳೆಯದರಲ್ಲಿ ಡ್ರೈವರ್ ಫೈಲಿನ ಹೆಸರು ‘.ಒ’ ಎಂದು ಮುಗಿಯುತ್ತಿತ್ತು, ಈಗ ‘.ಕೆಒ’ ಎಂದು ಮುಗಿಯಬೇಕು. ಅಷ್ಟೇ ಅಲ್ಲ, ಒಂದು ಕರ್ನಲ್‌ಗೆ ಕಟ್ಟಿದ ಡ್ರೈವರನ್ನು ಇನ್ನೊಂದು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೂಲ ಕೋಡ್ ಕೊಟ್ಟಿದ್ದರೆ ನಾವೇ ನಮ್ಮ ಕರ್ನಲ್‌ಗೆ ತಕ್ಕಂತೆ ಕಂಪೈಲ್ ಮಾಡಿಕೊಳ್ಳುತ್ತಿದ್ದೆವು. ಅದನ್ನೂ ಕೊಟ್ಟಿಲ್ಲ.

ನಿಮ್ಮ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ “ನಿಮ್ಮ ಲೈನ್ ಸರಿಯಿಲ್ಲ, ಚೆಕ್ ಮಾಡಿಸಿ” ಅಂದರು. ಲೈನ್‌ಮನ್ ಅವರನ್ನು ಕರೆಸಿದೆ. ಅವರು ಬಿಸಿಲಲ್ಲಿ ಕಂಬ ಹತ್ತಿ ನೋಡಿ, ಲೈನ್ ಚೆನ್ನಾಗಿದೆ ಅಂದರು. ಎರಡನೇ ಸಲ ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿ ಅಂದರು, ಹಾಕಿದೆ. ಮೂರನೇ ಸಲ “ಸರ್, ಸುಮ್ನೆ ವಿಂಡೋಸ್ ಹಾಕ್ಕೊಳ್ಳಿ” ಅಂದರು. ಡಬ್ಬಿಯ ಮೇಲೆ ಲಿನಕ್ಸ್ ಎಂದು ಬರೆದು ಮಾರಿದ ಮೇಲೆ ಹೀಗೆ ಹೇಳುವುದು ಯಾವ ನ್ಯಾಯ?

ಫಲಿತಾಂಶದ ದಿನ ಬಂತು. ಬೆಳಿಗ್ಗೆಯಿಂದ ಅಂಗಡಿ ಮುಂದೆ ನಲವತ್ತಕ್ಕೂ ಜಾಸ್ತಿ ಮಕ್ಕಳು. ನಾನೇ ವಾರದ ಹಿಂದೆ ಬೋರ್ಡ್ ಬರೆದು ಹಾಕಿದ್ದೆ, ಇಲ್ಲಿ ಫಲಿತಾಂಶ ನೋಡಿಕೊಡಲಾಗುವುದು ಎಂದು. ಡಬ್ಬಿಯ ಮಾತು ನಂಬಿ ಬರೆದದ್ದು. ಒಬ್ಬ ಹುಡುಗಿ ರಿಜಿಸ್ಟರ್ ನಂಬರನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಬಂದಿದ್ದಳು. ಬೆವರಿಗೆ ಕೊನೆಯ ಎರಡು ಅಂಕಿ ಕಲಸಿ ಹೋಗಿದ್ದವು. “ಕಾಕಾ, ಇದು ಒಂದೋ ಏಳೋ ನನಗೂ ತಿಳೀವಲ್ದು, ಎರಡೂ ನೋಡ್ರಿ” ಅಂದಳು. ನನ್ನ ಕಂಪ್ಯೂಟರಿನಲ್ಲಿ ಅವಳಿಗೆ ಒಂದು ನಂಬರ್ ಕೂಡ ನೋಡಿ ಹೇಳಲು ಆಗಲಿಲ್ಲ.

ಕೊನೆಗೆ ಬೀದರಿನಲ್ಲಿ ಸೈಬರ್ ಕೆಫೆ ಇಟ್ಟಿರುವ ಗೆಳೆಯನಿಗೆ ಫೋನ್ ಹಚ್ಚಿದೆ. ನಾನು ಒಂದೊಂದೇ ನಂಬರ್ ಹೇಳುವುದು, ಅವನು ನೋಡಿ ಅಂಕ ಓದುವುದು, ನಾನು ಚೀಟಿಯಲ್ಲಿ ಬರೆದು ಕೊಡುವುದು. ಮಧ್ಯಾಹ್ನ ಮೂರರ ತನಕ ಇದೇ ಆಯಿತು. ಕಾಲ್ ರೊಕ್ಕ ಯಾರ ಹತ್ತಿರವೂ ತಗೊಂಡಿಲ್ಲ, ಬೋರ್ಡ್ ಹಾಕಿದ್ದು ನಾನು. ಆ ಹುಡುಗಿಯ ನಂಬರ್ ಏಳೇ ಆಗಿತ್ತು, ಪಾಸಾಗಿದ್ದಾಳೆ. ಅಷ್ಟೂ ಹೊತ್ತು ಮಾತಾಡಿದ್ದು ನಿಮ್ಮವರು ಸರಿಯಿಲ್ಲ ಎಂದ ಅದೇ ಲೈನಿನಲ್ಲಿ.

ಆಮೇಲೆ ಒಂದು ಭಾನುವಾರ ಬೀದರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಬಂದ. ಕಾರ್ಡ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ, “ಮಾಮಾ, ಇದು ಅರ್ಧ ಮೋಡೆಮ್” ಅಂದ. ಪೂರ್ತಿ ಮೋಡೆಮ್‌ನಲ್ಲಿ ಆಜ್ಞೆಗಳನ್ನು ತಿಳಿದುಕೊಳ್ಳುವ ಕಂಟ್ರೋಲರ್ ಇರುತ್ತದೆ, ಫೋನಿನ ಸದ್ದನ್ನು ಮಾಹಿತಿಯಾಗಿ, ಮಾಹಿತಿಯನ್ನು ಸದ್ದಾಗಿ ಬದಲಿಸುವ ಲೆಕ್ಕ ಮಾಡುವ ಚಿಪ್ ಇರುತ್ತದೆ. ನಿಮ್ಮ ಕಾರ್ಡಿನಲ್ಲಿ ಈ ಎರಡೂ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಹೊರಿಸಿದ್ದೀರಿ. ಹಾಗೆ ಮಾಡಿದ್ದಕ್ಕೇ ಅದು 750ಕ್ಕೆ ಸಿಗುತ್ತದೆ. ಅಗ್ಗದ್ದು ಮಾಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಇಂಥ ಮೋಡೆಮ್‌ಗೆ ತಕ್ಕ ಡ್ರೈವರ್ ಇಲ್ಲದಿದ್ದರೆ ಡಯಲ್ ಕೂಡ ಆಗುವುದಿಲ್ಲ. ಇದೇ ಚಿಪ್‌ಗೆ ಬೇರೆಯವರು ಲಿನಕ್ಸ್ ಡ್ರೈವರ್ ಮಾಡಿದ್ದಾರಂತೆ. ಅದರಲ್ಲಿ ಬಿಟ್ಟಿ ಸಿಗುವುದು 14.4 ಕೆಬಿಪಿಎಸ್ ವೇಗಕ್ಕೆ ಮಾತ್ರ, ಪೂರ್ತಿ ವೇಗ ಬೇಕಾದರೆ ದುಡ್ಡು ಕಟ್ಟಬೇಕು. ಡಬ್ಬಿಯ ಮೇಲೆ ನೀವು ಬರೆದಿರುವುದು 56ಕೆ, ಅಂದರೆ 56 ಕೆಬಿಪಿಎಸ್, ವಿ.92 ಮಾನದಂಡದ ಮೋಡೆಮ್ ಎಂದು.

ಅವನೇ ತನ್ನ ಗೆಳೆಯನ ಹತ್ತಿರ ಹೊರಗೆ ಇಡುವ ಹಳೆಯ ಸೀರಿಯಲ್ ಮೋಡೆಮ್ ಕೇಳಿ ತಂದಿದ್ದ. ಅದೂ ನಿಮ್ಮ ಕಂಪನಿಯದ್ದೇ. ಒಂಬತ್ತು ಪಿನ್ನಿನ ಕೇಬಲ್ಲನ್ನು ಕಂಪ್ಯೂಟರಿನ ಹಿಂದೆ ಚುಚ್ಚಿ, ಕರೆಂಟ್ ಕೊಟ್ಟು, ಟಿಟಿವೈಎಸ್0 ಆರಿಸಿ ‘ಎಟಿ’ ಎಂದು ಬರೆದೆ. ತಕ್ಷಣ ಕೆಳಗೆ ‘ಓಕೆ’ ಬಂತು. ಒಂದು ತಿಂಗಳಿಂದ ಆ ಎರಡು ಅಕ್ಷರಕ್ಕಾಗಿ ಕಾದಿದ್ದೆ ನಾನು. ಡ್ರೈವರ್ ಇಲ್ಲ, ಸಿಡಿ ಇಲ್ಲ. ಮೊದಲು ಡಯಲ್ ಟೋನ್ ಇಲ್ಲ ಎಂದು ಹೇಳಿತು. ನಮ್ಮ ಎಕ್ಸ್‌ಚೇಂಜಿನ ಟೋನ್ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ‘ಎಟಿಎಕ್ಸ್3’ ಎಂದು ಸೇರಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಸೇರಿಸಿದ ಮೇಲೆ ಮೊದಲ ಸಲಕ್ಕೇ ಕನೆಕ್ಟ್ ಆಯಿತು, ಸೆಕೆಂಡಿಗೆ 45333 ಬಿಟ್ ವೇಗದಲ್ಲಿ. ನಿಮ್ಮ ಕೈಪಿಡಿಯಲ್ಲಿ ಎಕ್ಸ್3 ಬಗ್ಗೆ ಒಂದು ಸಾಲೂ ಇಲ್ಲ. ದಯವಿಟ್ಟು ಸೇರಿಸಿ, ನಮ್ಮಂಥ ಊರುಗಳಲ್ಲಿ ಬಹಳ ಜನಕ್ಕೆ ಬೇಕಾಗುತ್ತದೆ.

ಅಂದರೆ ಲಿನಕ್ಸ್‌ನಲ್ಲಿ ನಡೆಯುವ ಮೋಡೆಮ್ ನೀವೇ ಮಾಡುತ್ತೀರಿ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದೂ ನಿಮಗೆ ಗೊತ್ತು. ಕೊಳ್ಳುವವನಿಗೆ ಮಾತ್ರ ಹೇಳುವುದಿಲ್ಲ. ನನ್ನ ಹಾಗೆ ಅಂಗಡಿ ಇಟ್ಟವರು ಹುಮನಾಬಾದಿನಲ್ಲಿ, ಔರಾದಿನಲ್ಲಿ, ಬಸವಕಲ್ಯಾಣದಲ್ಲೂ ಇದ್ದಾರೆ. ಅವರೂ ಡಬ್ಬಿ ನೋಡಿಯೇ ಕೊಳ್ಳುವುದು.

ಆದ್ದರಿಂದ ಈ ಕಾರ್ಡನ್ನು ವಾಪಸ್ ತಗೊಂಡು ನಿಮ್ಮದೇ ಹೊರಗಿನ ಸೀರಿಯಲ್ ಮೋಡೆಮ್ ಕೊಡಿ, ಬೆಲೆಯ ವ್ಯತ್ಯಾಸ ನಾನು ಕಟ್ಟುತ್ತೇನೆ. ಅದು ಆಗದಿದ್ದರೆ ನನ್ನ 750 ರೂಪಾಯಿ ವಾಪಸ್ ಮಾಡಿ. ಇದರ ಜೊತೆಗೆ ಡಬ್ಬಿಯ ಮೇಲೆ ಚಿಪ್‌ನ ಹೆಸರು, ಅದಕ್ಕೆ ಡ್ರೈವರ್ ಬೇಕೋ ಬೇಡವೋ, ಯಾವ ಕರ್ನಲ್‌ವರೆಗೆ ನಡೆಯುತ್ತದೆ ಎಂಬುದನ್ನು ಅಚ್ಚು ಹಾಕಿಸಿ. ನನಗೆ ರೊಕ್ಕಕ್ಕಿಂತ ಇದು ಮುಖ್ಯ. ಅಷ್ಟು ಬರೆಯಲು ಆಗದಿದ್ದರೆ ಪೆಂಗ್ವಿನ್ ಚಿತ್ರ ತೆಗೆಸಿ.

ಮೂವತ್ತು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೀದರಿನ ಜಿಲ್ಲಾ ಗ್ರಾಹಕರ ವೇದಿಕೆಗೆ ಹೋಗುತ್ತೇನೆ. ಇಲ್ಲದ ಗುಣ ಇದೆ ಎಂದು ಹೇಳಿ ಮಾರುವುದು ಆ ಕಾಯ್ದೆಯಲ್ಲಿ ತಪ್ಪು. ಬಿಲ್ಲಿನ ಜೆರಾಕ್ಸ್, ಡಬ್ಬಿಯ ಹಿಂಬದಿಯ ಜೆರಾಕ್ಸ್, ಎಲ್‌ಎಸ್‌ಪಿಸಿಐ ಪಟ್ಟಿಯ ಪ್ರಿಂಟ್ ಇದರ ಜೊತೆ ಇಟ್ಟಿದ್ದೇನೆ. ಕಾರ್ಡ್, ಸಿಡಿ, ಡಬ್ಬಿ ಮೂರೂ ನನ್ನ ಹತ್ತಿರ ಜೋಪಾನವಾಗಿವೆ. ಹಳೆಯ ಮೋಡೆಮನ್ನು ಅಕ್ಕನ ಮಗನ ಗೆಳೆಯನಿಗೆ ಪಿಯುಸಿ ಪೂರಕ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ವಾಪಸ್ ಕೊಡಬೇಕು, ಅದರೊಳಗೆ ನಿಮ್ಮ ಉತ್ತರ ಬೇಕು.

ಇಂತಿ ನಿಮ್ಮ ಗ್ರಾಹಕ,
ಎಸ್‌ಟಿಡಿ ಮತ್ತು ಜೆರಾಕ್ಸ್ ಅಂಗಡಿ, ಭಾಲ್ಕಿ