ರೇಡಿಯೇಟರ್ ಬಿಚ್ಚುವಾಗ ಪೈಪಿನ ಮೇಲೆ ಕಣ್ಣಿರಲಿ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು ನಾನು. ಈಗ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನಮ್ಮ ಪರಿಚಯದ ಕನ್ನಡದ ಹುಡುಗರು ಇಲ್ಲಿ ಹಳೆಯ ಸಾಲುಮನೆ ಕೊಂಡು, ರೇಡಿಯೇಟರನ್ನು ತಾವೇ ಬದಲಿಸಲು ಹೋಗಿ ಪೈಪು ಮುರಿದುಕೊಳ್ಳುತ್ತಾರೆ. ಅವರೂ ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತಾರೆ. ಅದಕ್ಕೇ ಈ ಪತ್ರ.

ಇದು ಕಾರಿನ ರೇಡಿಯೇಟರ್ ಅಲ್ಲ. ಬಾಯ್ಲರಿನ ಬಿಸಿನೀರು ಒಳಗೆ ಹರಿದು ಕೋಣೆಯನ್ನು ಬೆಚ್ಚಗಿಡುವ, ಗೋಡೆಗೆ ತೂಗುಹಾಕಿದ ಉಕ್ಕಿನ ಹಲಗೆ. ಎರಡೂ ತುದಿಯಲ್ಲಿ ಒಂದೊಂದು ವಾಲ್ವ್. ವಾಲ್ವಿಗೂ ರೇಡಿಯೇಟರಿಗೂ ನಡುವೆ ಹಿತ್ತಾಳೆಯ ಒಂದು ಗಿಡ್ಡ ತುಂಡು, ಅದಕ್ಕೆ ಟೇಲ್ ಅನ್ನುತ್ತಾರೆ. ಜಾಸ್ತಿ ಹಠ ಮಾಡುವುದು ಇದೇ. ಹಿಂದೆ ನಾರು ಸುತ್ತಿ ಪೇಸ್ಟ್ ಬಳಿದು ಬಿಗಿಯುತ್ತಿದ್ದರು, ನಮ್ಮಲ್ಲಿ ಜಿಐ ಪೈಪಿಗೆ ಮಾಡುವ ಹಾಗೆಯೇ. ವರ್ಷಗಟ್ಟಲೆ ಕಾದು ಅದು ಕಲ್ಲಾಗಿರುತ್ತದೆ.

ನಮ್ಮ ಬೀದಿಯಲ್ಲೇ ಒಬ್ಬರು ವಾಲ್ವನ್ನು ಟೇಲಿಗೆ ಜೋಡಿಸುವ ನಟ್ಟಿಗೆ ಒಂದೇ ಸ್ಪ್ಯಾನರ್ ಹಾಕಿ ಜೋರಾಗಿ ಎಳೆದರು. ನಟ್ಟು ಕದಲಲಿಲ್ಲ. ವಾಲ್ವೇ ತಿರುಗಿ ಕೆಳಗಿನ ತಾಮ್ರದ ಪೈಪು ತಿರುಚಿಕೊಂಡಿತು. ನೆಲದ ಹಲಗೆ ಕಿತ್ತೇ ರಿಪೇರಿ ಮಾಡಬೇಕಾಯಿತು. ಒಂದು ಸ್ಪ್ಯಾನರಿನಲ್ಲಿ ವಾಲ್ವನ್ನು ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ನಟ್ಟು ತಿರುಗಿಸಬೇಕು. ಪೈಪು ಸಾಮಾನ್ಯವಾಗಿ 15 ಮಿ.ಮೀ. ಇರುತ್ತದೆ. 8 ಅಥವಾ 10 ಮಿ.ಮೀ. ಇದ್ದರಂತೂ ಇನ್ನೂ ಹುಷಾರು.

ಮೊದಲು ಹೀಟಿಂಗ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಎರಡೂ ವಾಲ್ವ್ ಮುಚ್ಚಿ. ಕೆಳಗೆ ಬೋಗುಣಿ, ಹಳೆ ಟವೆಲ್ ಇರಲಿ. ಒಳಗಿನ ನೀರು ತುಕ್ಕಿನಿಂದ ಮಸಿಯ ಹಾಗೆ ಕಪ್ಪಗಿರುತ್ತದೆ, ಕಾರ್ಪೆಟ್ಟಿಗೆ ಬಿದ್ದರೆ ಹೋಗುವುದಿಲ್ಲ. ನಟ್ಟು ಬಿಚ್ಚಿ, ನೀರು ಖಾಲಿಯಾದ ಮೇಲೆ ರೇಡಿಯೇಟರನ್ನು ಗೋಡೆಯಿಂದ ಇಳಿಸಿ ಹಿತ್ತಲಿಗೆ ಒಯ್ಯಿರಿ. ಥ್ರೆಡ್ಡಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಡಿ. ಬೆಳಿಗ್ಗೆ ಸುತ್ತ ಮೆಲ್ಲಗೆ ತಟ್ಟಿ, ಕುದಿಯುವ ನೀರನ್ನು ಟೇಲ್ ಕೂತ ಜಾಗಕ್ಕೆ ಹುಯ್ಯಿರಿ. ಆಮೇಲೆ ಟೇಲಿನ ಒಳಗೆ ಅಲನ್ ಕೀ (ಆರು ಮೂಲೆಯ ಕೀಲಿ) ಹಾಕಿ ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಸಡಿಲಿಸಿ. ಬಿಗಿ ಮಾಡಿದಾಗಲೇ ಒಳಗಿನ ಪೇಸ್ಟ್ ಬಿರುಕು ಬಿಡುತ್ತದೆ. ನಾನು ವರ್ಕ್‌ಶಾಪಿನಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುತ್ತಿದ್ದದ್ದೇ ಇದು.

ಅಲನ್ ಕೀ ಕೂರುವ ಮೂಲೆಗಳು ಸವೆದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಟೇಲನ್ನು ಒಳಗಿನಿಂದ ಸೀಳಿ. ರೇಡಿಯೇಟರಿನ ಥ್ರೆಡ್ ಮುಟ್ಟುವ ಮುಂಚೆ ನಿಲ್ಲಿಸಿ, ತುಂಡನ್ನು ಒಳಕ್ಕೆ ಮಡಚಿ ತೆಗೆಯಿರಿ. ಬೆಂಕಿಯಿಂದ ಕಾಯಿಸುವ ಯೋಚನೆ ಬೇಡವೇ ಬೇಡ. ಎಣ್ಣೆ ಹೊತ್ತಿಕೊಳ್ಳುತ್ತದೆ. ಹಳೆ ಬಣ್ಣದಲ್ಲಿ, ಅದರಲ್ಲೂ 1960ಕ್ಕಿಂತ ಹಿಂದಿನದರಲ್ಲಿ, ಸೀಸ ಇರಬಹುದು. ಮಕ್ಕಳಿರುವ ಮನೆ ಅಲ್ವಾ!

ಬಾಯ್ಲರಿನ ಗ್ಯಾಸ್ ಭಾಗವನ್ನು ಮಾತ್ರ ನೀವು ಮುಟ್ಟಬೇಡಿ. ಅದಕ್ಕೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ, ಅಂದರೆ ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಇಲ್ಲಿನ ಅಧಿಕೃತ ಪಟ್ಟಿಯಲ್ಲಿ, ಹೆಸರಿರುವವರನ್ನೇ ಕರೆಸಿ.

ಇತಿ,
ಒಬ್ಬ ನಿವೃತ್ತ ಫಿಟರ್, ಹುಬ್ಬಳ್ಳಿ
(ಸದ್ಯ ಶೆಫೀಲ್ಡ್)