ಚಿಕ್ಕಮ್ಮನ ಫೋನು

ಪ್ರೀತಿಯ ಪುಟ್ಟಿ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ನ್ಯೂಜೆರ್ಸಿಯ ಅಪಾರ್ಟ್‌ಮೆಂಟಿನಲ್ಲಿ ಇಡೀ ದಿನ ಒಬ್ಬಳೇ ಇರುವ ಆ ಚಿಕ್ಕಮ್ಮ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಅವಳು ಖಿನ್ನತೆಯಿಂದ ಬಳಲುತ್ತಿದ್ದಳು" ಎಂದಿದ್ದೀಯಲ್ಲ, ಆ ಸಾಲು ತೆಗೆದುಬಿಡು. ಡಾಕ್ಟರ ಬಾಯಲ್ಲಿ ಆ ಮಾತು ಸರಿ. ನಮ್ಮ ಮನೆಗಳಲ್ಲಿ ಯಾರು ಹಾಗೆ ಹೇಳುತ್ತಾರೆ? "ಯಾಕೋ ನಿದ್ದೆ ಹತ್ತಲ್ಲ", "ಊಟ ಸೇರಲ್ಲ", "ಎದೆ ಭಾರ". ಇಷ್ಟೇ. ಡಾಕ್ಟರ ಹತ್ತಿರ ಹೋದಾಗಲೂ ತಲೆನೋವು, ಗ್ಯಾಸ್ಟ್ರಿಕ್ ಎಂದೇ ಶುರು ಮಾಡುತ್ತೇವೆ.

ನನ್ನದೇ ಒಂದು ಸಂಜೆ ಹೇಳುತ್ತೇನೆ. 1996ರ ಡಿಸೆಂಬರ್, ಇಲ್ಲೇ ಅಮೆರಿಕದಲ್ಲಿ. ನಾಲ್ಕೂವರೆಗೆಲ್ಲ ಕತ್ತಲು. ಇವರು ಪ್ರಾಜೆಕ್ಟಿಗೆಂದು ಬೇರೆ ಊರಿಗೆ ಹೋಗಿದ್ದರು. ಅಮ್ಮ ಕಟ್ಟಿಕೊಟ್ಟಿದ್ದ ಸಾರಿನ ಪುಡಿಯ ಡಬ್ಬಿ ಮುಂದಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಮುಚ್ಚಳ ತೆಗೆದರೆ ಘಮ ಹೋಗಿಬಿಡುತ್ತದೆ ಎಂದು ಎರಡು ತಿಂಗಳಿಂದ ತೆಗೆದೇ ಇರಲಿಲ್ಲ. ರಾತ್ರಿ ಫೋನ್ ಕಾರ್ಡ್ ಕೆರೆದು ನಂಬರ್ ಒತ್ತಿದೆ. ಅಲ್ಲಿ ಬೆಳಗ್ಗೆ.

"ಏನು ಅಡುಗೆ?" ಎಂದರು ಅಮ್ಮ.

"ಸಾರು, ಬೀನ್ಸ್ ಪಲ್ಯ." ಎರಡು ದಿನದಿಂದ ಸ್ಟವ್ ಹಚ್ಚಿರಲಿಲ್ಲ.

"ಚೆನ್ನಾಗಿದ್ದೀಯಲ್ವಾ?"

"ಹೂಂ, ಚೆನ್ನಾಗಿದ್ದೀನಿ."

ಅಷ್ಟರಲ್ಲಿ ಕಾರ್ಡಿನ ನಿಮಿಷ ಮುಗಿಯಿತು. ಅಪ್ಪ ಆ ವಾರ ಆಸ್ಪತ್ರೆಯಲ್ಲಿದ್ದರು ಎಂದು ನನಗೆ ಗೊತ್ತಾಗಿದ್ದು ಯುಗಾದಿಯ ಹೊತ್ತಿಗೆ. ಅಮ್ಮನೂ ಹೇಳಿರಲಿಲ್ಲ. ನಿನ್ನ ಚಿಕ್ಕಮ್ಮ ಇಡೀ ಕತೆಯಲ್ಲಿ ಒಮ್ಮೆಯೂ ಊರಿಗೆ ಫೋನ್ ಮಾಡುವುದಿಲ್ಲ. ಮಾಡಿಸು.

ಇನ್ನೊಂದು. ಎಲ್ಲವನ್ನೂ ಅವಳ ಮನಸ್ಸಿನೊಳಗೇ ಇಟ್ಟಿದ್ದೀಯ. ಕತೆ ನಡೆಯುವುದು 2008ರಲ್ಲಿ, ಅವಳು ಬಂದಿರುವುದು ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿ. ಆಗ ಆ ವೀಸಾದವರು ಕೆಲಸ ಮಾಡುವ ಹಾಗೇ ಇರಲಿಲ್ಲ, ಇಲ್ಲಿ ಎಲ್ಲದಕ್ಕೂ ಕೇಳುವ ಗುರುತಿನ ಸಂಖ್ಯೆ, ಸೋಶಿಯಲ್ ಸೆಕ್ಯುರಿಟಿ ನಂಬರ್ ಕೂಡ ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. 2015ರ ಮೇ ತಿಂಗಳಿಂದ ಅನುಮತಿ ಸಿಕ್ಕಿದ್ದೂ ಕೆಲವರಿಗೆ ಮಾತ್ರ, ಅದೂ ಗಂಡನ ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಅರ್ಜಿ ಒಂದು ಹಂತ ದಾಟಿದ್ದರೆ. ಊರಲ್ಲಿ ಲೆಕ್ಚರರ್ ಆಗಿದ್ದವಳು ಇಲ್ಲಿ ಹಾಲು ತರುವುದಕ್ಕೂ ಗಂಡನ ಕೈ ನೋಡಬೇಕು. ಅದನ್ನು ಬರೆ. ಇಲ್ಲದಿದ್ದರೆ ಓದುವವರು "ಅವಳ ಮನಸ್ಸೇ ವೀಕು" ಅಂದುಬಿಡುತ್ತಾರೆ. ಆ ಮಾತನ್ನು ನಮ್ಮ ಹೆಣ್ಣುಮಕ್ಕಳು ಬೇಕಾದಷ್ಟು ಕೇಳಿದ್ದಾರೆ.

ಕೊನೆಯಲ್ಲಿ ಅವಳು ಊರಿಗೆ ಹೋದ ಕೂಡಲೇ ಸರಿಹೋಗುತ್ತಾಳೆ. ನನಗೆ ನಂಬಿಕೆ ಬರಲಿಲ್ಲ. "ಮಾತ್ರೆ ತಗೋತಿರೋದು ಯಾರಿಗೂ ಹೇಳ್ಬೇಡ, ತಂಗಿಗೆ ಗಂಡು ನೋಡ್ತಿದೀವಿ" ಎನ್ನುವವರು ಅಲ್ಲಿಯೂ ಇರುತ್ತಾರೆ. ಅದರ ಬದಲು ಅವಳನ್ನು ಇಲ್ಲಿನ ಡಾಕ್ಟರ ಮುಂದೆ ಕೂರಿಸು. "ಸಂಕಟ ಆಗುತ್ತೆ" ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾಳೆ? ಅದು ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ಆ ಒದ್ದಾಟ ಒಂದು ಪುಟ ಹಿಡಿದರೂ ಪರವಾಗಿಲ್ಲ.

ಇದು ನಿನ್ನ ಸ್ವಂತ ಚಿಕ್ಕಮ್ಮ ಎಂದು ಗೊತ್ತಾಗುತ್ತದೆ. ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳು. ಬೇಡ ಅಂದರೆ ಬೇಡ.

ಬರೆಯುತ್ತಾ ನಿನಗೇ ಕಷ್ಟವಾದರೆ ಸುಮ್ನೆ ನುಂಗಿಕೊಂಡು ಕೂರಬೇಡ. ಮನಸ್ಸು ತೀರಾ ಕುಸಿದಾಗ ಮಾತಾಡಲು ಇಲ್ಲಿ 988 ಸಹಾಯವಾಣಿ ಇದೆ. ರಜೆಗೆ ಊರಿಗೆ ಹೋದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಫೋನ್ ಮಾಡು, ರಾತ್ರಿ ಹನ್ನೊಂದರವರೆಗೆ ಎದ್ದೇ ಇರುತ್ತೇನೆ.

ಪ್ರೀತಿಯಿಂದ,
ಆಂಟಿ