ಧರೆ ಕುಸಿದ ತಾರೀಖು, ಗಂಟೆ ಬರೆದಿಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ‘ಗುಡ್ಡ ಕುಸಿಯುವುದು ಮೊದಲೇ ಯಾಕೆ ತಿಳಿಯುವುದಿಲ್ಲ, ವಿಜ್ಞಾನಿಗಳು ಏನು ಮಾಡುತ್ತಿದ್ದಾರೆ?’ ಎಂದು ನಮ್ಮ ಜಿಲ್ಲೆಯ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಮೂರೇ ದಿನಕ್ಕೆ, ಜುಲೈ 19ರಂದು, ಕೋಲ್ಕತ್ತಾದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ಅಲ್ಲಿಂದ ಮೊದಲು ಸೂಚನೆ ಹೋಗತೊಡಗಿದ್ದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿ ಜಿಲ್ಲೆಗಳಿಗೆ.

ಮುನ್ಸೂಚನೆ ಕಟ್ಟಲು ಎರಡು ಲೆಕ್ಕ ಬೇಕು: ಮಳೆ ಎಷ್ಟು ಬಿತ್ತು, ಮಣ್ಣು ಯಾವಾಗ ಜಾರಿತು. ಮಳೆಯ ಲೆಕ್ಕ ನಮ್ಮಲ್ಲಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಇಲ್ಲದ್ದು ಎರಡನೆಯದು. ಶಿರೂರಿನಂಥ ದುರಂತ ದಾಖಲೆಗೆ ಸೇರುತ್ತದೆ, ಸರಿ. ಆದರೆ ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ರಾತ್ರಿ ಹತ್ತು ಟಿಪ್ಪರ್ ಮಣ್ಣು ಬಿದ್ದರೆ ಬೆಳಗಾಗುವಷ್ಟರಲ್ಲಿ ಜೆಸಿಬಿ ಬಳಿದು ಕಣಿವೆಗೆ ದಬ್ಬುತ್ತದೆ. ಉಳಿಯುವುದು ಬಿಲ್ಲಿನಲ್ಲಿ ‘ಮಣ್ಣು ತೆರವು, ಇಂತಿಷ್ಟು ತಾಸು’ ಎಂಬ ಒಂದು ಸಾಲು.

ಆ ಒಂದು ಸಾಲಿನಿಂದ ಆಗುವ ನಷ್ಟ ದೊಡ್ಡದು. ಪ್ರತಿ ಕುಸಿತಕ್ಕೂ ಆ ದಿನದ ಮಳೆ ಮತ್ತು ಹಿಂದಿನ 3, 10, 15, 30 ದಿನಗಳ ಒಟ್ಟು ಮಳೆ ನೋಡಿ ವಿಜ್ಞಾನಿಗಳು ಗ್ರಾಫ್ ಹಾಳೆಯಲ್ಲಿ ಒಂದೊಂದು ಚುಕ್ಕಿ ಇಡುತ್ತಾರೆ. ನೂರಾರು ಚುಕ್ಕಿ ಸೇರಿದರೆ, ಎಷ್ಟು ಮಳೆಯವರೆಗೆ ಮಣ್ಣು ಜಾರಿಲ್ಲ ಎಂಬ ಗೆರೆ ಕಾಣುತ್ತದೆ. ನಾಲ್ಕೈದೇ ಇದ್ದರೆ ಗೆರೆ ಬರೀ ಅಂದಾಜು. ತೀರ ಕೆಳಗೆ ಎಳೆದರೆ ವಾರಕ್ಕೆರಡು ಸಲ ಮನೆ ಖಾಲಿ ಮಾಡಿಸಬೇಕು, ಮೂರನೆಯ ಸಲ ಯಾರೂ ಏಳುವುದಿಲ್ಲ. ಮೇಲೆ ಎಳೆದರೆ ಸೂಚನೆ ಬರುವ ಮೊದಲೇ ಧರೆ ಬಿದ್ದಿರುತ್ತದೆ.

ಹಿಂದಿನ ದಿನಗಳ ಮಳೆ ಕರಾವಳಿಯಲ್ಲಿ ಇನ್ನೂ ಮುಖ್ಯ. ಮೇಲೆ ಚಿರೇಕಲ್ಲು (ಜಂಬಿಟ್ಟಿಗೆ), ಅಡಿಯಲ್ಲಿ ಶೇಡಿ ಮಣ್ಣು (ಜೇಡಿಯಂಥ ನುಣುಪು ಮಣ್ಣು) ಇರುವ ಗುಡ್ಡದಲ್ಲಿ ನೀರು ಕಲ್ಲಿನ ತೂತುಗಳಿಂದ ಇಳಿದು ಶೇಡಿಯಲ್ಲಿ ನಿಲ್ಲುತ್ತದೆ. ಒಳಗೆ ನೀರಿನ ಒತ್ತಡ ಏರಿದಂತೆ ಮಣ್ಣಿನ ಹಿಡಿತ ಸಡಿಲಾಗುತ್ತದೆ. ರಸ್ತೆಗೆಂದು ಬುಡವನ್ನು ನೆಟ್ಟಗೆ ಕಡಿದಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. ಮಳೆ ಹೊಳವಾದ ದಿನವೂ ಧರೆ ಬೀಳುವುದು ಇದಕ್ಕೇ.

ತಾರೀಖಿನ ಜೊತೆ ಗಂಟೆಯೂ ಬೇಕು. ಹವಾಮಾನ ಇಲಾಖೆಯ ದಿನದ ಮಳೆಯೆಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಆ ದಿನ 8.30ರವರೆಗಿನದು. 16ರ ನಸುಕಿನಲ್ಲಿ ಕುಸಿದದ್ದಕ್ಕೆ 16ರ ಅಂಕಿ ಹೊಂದುತ್ತದೆ, 16ರ ರಾತ್ರಿ ಕುಸಿದದ್ದಕ್ಕೆ 17ರ ಅಂಕಿ ನೋಡಬೇಕು. ಗಂಟೆ ಗೊತ್ತಿಲ್ಲದಿದ್ದರೆ ‘ರಾತ್ರಿ 10ಕ್ಕೆ ರಸ್ತೆ ಸರಿಯಿತ್ತು, ಬೆಳಿಗ್ಗೆ 5ಕ್ಕೆ ಮುಚ್ಚಿತ್ತು’ ಎಂದರೂ ಸಾಕು.

ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತಾ ನಕ್ಷೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅದು 1:50,000 ಅಳತೆಯದು, 50 ಮೀಟರ್ ಅಗಲದ ಧರೆ ಅದರಲ್ಲಿ ಒಂದು ಮಿಲಿಮೀಟರ್. ವಿವರವಾದ ಸರ್ವೆ ಎಲ್ಲಿ ಬೇಕು ಎಂದು ಅದು ಹೇಳಬಲ್ಲದು, ಯಾರ ಮನೆ ಖಾಲಿ ಮಾಡಿಸಬೇಕು ಎಂದು ಹೇಳಲಾರದು.

ವಿಪತ್ತು ನಿರ್ವಹಣಾ ಕಾಯ್ದೆ 2005ರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ. ಅದು ಒಂದು ಪುಟದ ಆದೇಶ ಹೊರಡಿಸಲಿ: ನಮೂನೆ ತುಂಬದೆ ಮಣ್ಣು ತೆರವಿನ ಬಿಲ್ ಪಾಸಾಗಕೂಡದು. ನಮೂನೆಯಲ್ಲಿ ಇಷ್ಟಿರಲಿ: ತಾರೀಖು, ಗಂಟೆ, ಮೊಬೈಲಿನ ಜಿಪಿಎಸ್ ಅಂಕಿ, ಕಿಲೋಮೀಟರ್ ಕಲ್ಲು, ಬಿದ್ದದ್ದು ಕಡಿದ ಧರೆಯೋ ಕಡಿಯದ ಗುಡ್ಡವೋ, ಚಿರೇಕಲ್ಲೋ ಶೇಡಿಯೋ ಬಂಡೆಯೋ, ಒರತೆ ಇತ್ತೇ, ಎಷ್ಟು ಟಿಪ್ಪರ್ ಮಣ್ಣು. ಜೆಸಿಬಿ ಬಕೆಟ್ ತಾಗುವ ಮೊದಲು ಎದುರಿನಿಂದ ಒಂದು ಫೋಟೊ ತೆಗೆಯಬೇಕು, ಅಳತೆ ತಿಳಿಯಲು ಒಬ್ಬ ಮನುಷ್ಯ ಪಕ್ಕದಲ್ಲಿ, ಸುರಕ್ಷಿತ ದೂರದಲ್ಲಿ ನಿಂತಿರಲಿ. ಭರ್ತಿಯಾದ ನಮೂನೆ ಪ್ರತಿ ವಾರ ಸಂಸ್ಥೆಗೆ ಹೋಗಲಿ, ಮಳೆಗಾಲ ಮುಗಿಯುವತನಕ ಕಚೇರಿಯ ಕಪಾಟಿನಲ್ಲಿ ಕೂರಬಾರದು. ಮತ್ತೊಂದು: 200 ಮಿ.ಮೀ. ಸುರಿದೂ ಘಟ್ಟದಲ್ಲಿ ಏನೂ ಬೀಳದ ದಿನ ‘ಕುಸಿತ ಇಲ್ಲ’ ಎಂದು ಬರೆದೇ ಕಳಿಸಬೇಕು. ಆ ಖಾಲಿ ದಿನಗಳ ಲೆಕ್ಕವಿಲ್ಲದೆ ಗೆರೆಯ ಮೇಲಂಚು ಯಾರಿಗೂ ಗೊತ್ತಾಗದು.

— ಭೂವಿಜ್ಞಾನ ಬಲ್ಲ ಓದುಗರು, ಕಾರವಾರ